ಸಮೀಪ ಮೀಮಾಂಸೆ: ಭಾಗ್ಯನಗರದ ಒಂದು ಕಲ್ಪಿತ ತೋಟದಮನೆ ಹೋಟೆಲಿನ ಸುತ್ತಮುತ್ತ

ಈ ಪ್ರಬಂಧದ ವಿಷಯ ‘ಸಮೀಪ’. ಭೂಗೋಳದವರ ಸಮೀಪವಲ್ಲ, ಹೋಟೆಲುಗಳ ಕರಪತ್ರದಲ್ಲಿ ‘ಸಮೀಪದ ಐತಿಹಾಸಿಕ ತಾಣಗಳು’ ಎಂಬ ತಲೆಬರಹದಡಿ ಬರುವ ಸಮೀಪ. ಮೊದಲನೆಯದನ್ನು ಕಿಲೋಮೀಟರಿನಲ್ಲಿ ಅಳೆಯುತ್ತಾರೆ, ಎರಡನೆಯದನ್ನು ಮಾಲೀಕರ ಆಸೆಯಲ್ಲಿ. ವಿಲಾಯತಿಯ ಜಮೀನ್ದಾರರು ತೆರಿಗೆ ಕಟ್ಟಲಾರದೆ ತಮ್ಮ ಹಳ್ಳಿಮಹಲುಗಳನ್ನು ಹೋಟೆಲು ಮಾಡಿದಂದಿನಿಂದ ಈ ಸಾಹಿತ್ಯಪ್ರಕಾರ ಹುಲುಸಾಗಿ ಬೆಳೆದಿದೆ. ನಮ್ಮಲ್ಲೂ ಆನೆಗೊಂದಿಯ ಹಳೆಯ ಮನೆಗಳು ಹೋಂಸ್ಟೇ ಆಗಿವೆ. ಭಾಗ್ಯನಗರದಲ್ಲೂ ಅಂಥದೊಂದು ಹೋಟೆಲು ಇದೆಯೆಂದು ಇಟ್ಟುಕೊಳ್ಳೋಣ. ಇಲ್ಲದ್ದನ್ನು ಇದೆಯೆಂದುಕೊಂಡು ಚರ್ಚಿಸಲು ಶಾಸ್ತ್ರದ ಅಡ್ಡಿಯಿಲ್ಲ. ಮೊಲದ ಕೊಂಬನ್ನೇ ನಂಬಿಕೊಂಡು ನಮ್ಮ ತಾರ್ಕಿಕರು ಶತಮಾನಗಟ್ಟಲೆ ಉಂಡಿದ್ದಾರೆ.

ಮೊದಲಿಗೆ ಒಂದು ಅಪಾರ್ಥ ನಿವಾರಣೆ. ಹೈದರಾಬಾದಿಗೂ ಭಾಗ್ಯನಗರವೆಂಬ ಹೆಸರು ಹೇಳುವವರಿದ್ದಾರೆ. ಆದ್ದರಿಂದ ಯಾರಾದರೂ ಅತಿಥಿ ಬೆಳಿಗ್ಗೆದ್ದು ಚಾರ್‌ಮಿನಾರ್ ಎಲ್ಲಿ ಎಂದು ಕೇಳುವ ಸಂಭವವುಂಟು. ಅವರನ್ನು ಗದರಬಾರದು. ಕೊಪ್ಪಳ 1948ರವರೆಗೆ ನಿಜಾಮರ ಸೀಮೆಯಲ್ಲೇ ಇತ್ತು, ಸಾಲಾರ್ ಜಂಗರ ಜಹಗೀರಾಗಿತ್ತು. ಅತಿಥಿ ತಪ್ಪಿದ್ದು ಊರು ಮಾತ್ರ, ಸಂಸ್ಥಾನವಲ್ಲ. ನಮ್ಮ ಭಾಗ್ಯನಗರ ಕೊಪ್ಪಳಕ್ಕೆ ಅಂಟಿಕೊಂಡ, ಮಗ್ಗದ, ಕೂದಲ ವ್ಯಾಪಾರದ ಊರು. ಬಾಚಣಿಕೆಗೆ ಸಿಕ್ಕು ಉದುರಿದ ಕೂದಲನ್ನು ಇಲ್ಲಿನ ಹೆಣ್ಣುಮಕ್ಕಳು ಮನೆಮನೆಯಲ್ಲಿ ಕೂತು ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡುತ್ತಾರೆ. ಅದು ಆಮೇಲೆ ಹೊರದೇಶಕ್ಕೆ ಹೋಗುತ್ತದೆ. ಕೂದಲು ಇಷ್ಟು ದೂರ ಹೋಗುವಾಗ ಅತಿಥಿಗಳು ಹತ್ತಿರದ ಗುಡ್ಡಕ್ಕೂ ಹೋಗದಿರುವುದೇಕೆ ಎಂಬುದೇ ನಮ್ಮ ಮೂಲಪ್ರಶ್ನೆ.

ಕಾರಣಕ್ಕೆ ‘ಹಂಪಿದೋಷ’ ಎಂದು ಹೆಸರಿಡುತ್ತೇವೆ. ಲಕ್ಷಣ ಹೀಗೆ: ಅತಿಥಿ ಚೀಲ ಇಳಿಸುವ ಮೊದಲೇ ‘ಹಂಪಿಗೆ ಎಷ್ಟು ದೂರ ಆಗ್ತದ್ರಿ?’ ಎನ್ನುತ್ತಾನೆ. ಕೊಪ್ಪಳ ಎಲ್ಲಿದೆ ಎಂದು ಬೆಂಗಳೂರಿನಲ್ಲಿ ಕೇಳಿದರೆ ‘ಹಂಪಿ ಹತ್ತಿರ’ ಎಂಬ ಉತ್ತರ ಬರುತ್ತದೆ. ಆನೆಗೊಂದಿ, ಅಂಜನಾದ್ರಿ, ಪಂಪಾಸರೋವರಗಳು ಇದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿದ್ದರೂ ‘ಹಂಪಿಯ ಆಚೆ ದಡ’ ಎಂದೇ ಪ್ರಸಿದ್ಧ. ಒಂದು ಹೊಳೆಗೆ ಎರಡು ದಡ ಇರುವಾಗ ಯಾವುದು ಆಚೆ ಎನ್ನುವುದು ನಿಂತವನ ಕಾಲಿಗೆ ಬಿಟ್ಟದ್ದು. ‘ಆಚೆ’ ಎನ್ನುವ ಪೂರ್ವಪಕ್ಷದವರಿಗೆ ಇದು ಹೊಳೆದಿಲ್ಲ.

ಈಗ ಸಿದ್ಧಾಂತ. ಹೋಟೆಲಿನಿಂದ ಕೊಪ್ಪಳದ ಕಡೆಗೆ ಹೊರಟರೆ ಗವಿಮಠದ ಗುಡ್ಡ. ಅಲ್ಲಿ, ಮತ್ತು ಅಲ್ಲಿಂದ ತುಸು ಆಚೆ ಪಾಲ್ಕಿಗುಂಡಿನಲ್ಲಿ, ಸಾಮ್ರಾಟ ಅಶೋಕನ ಎರಡು ಶಿಲಾಶಾಸನಗಳು. ಪಾಲ್ಕಿಗುಂಡೆಂದರೆ ಬಂಡೆಗಳ ಮೇಲೆ ಇನ್ನೊಂದು ಬಂಡೆ ಚಾವಣಿಯ ಹಾಗೆ ಕೂತು ಪಲ್ಲಕ್ಕಿಯಂತೆ ಕಾಣುವ ಜಾಗ. ಕ್ರಿ.ಪೂ. ಮೂರನೆಯ ಶತಮಾನದ ಬರಹ, ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ವಿಜಯನಗರ ತಲೆಯೆತ್ತಿದ್ದು ಇದಾದ ಸುಮಾರು 1,600 ವರ್ಷಗಳ ಮೇಲೆ. ಅಂಥ ಹಿರಿಯನಿಗೆ ಅಷ್ಟು ಕಿರಿಯ ಊರಿನ ವಿಳಾಸ ಕೊಡುವುದು ಅಜ್ಜನನ್ನು ಮೊಮ್ಮಗನ ಹೆಸರಿನಿಂದ ಕರೆದಂತೆ. ಊರಲ್ಲಿ ಹಾಗೆ ಕರೆಯುತ್ತಾರೆ, ನಿಜ. ಶಾಸ್ತ್ರದಲ್ಲಿ ಸಲ್ಲದು.

ಹೋಟೆಲ್ ಉದ್ಯಮದ ದೃಷ್ಟಿಯಿಂದ ಅಶೋಕ ಬಹಳ ತೊಡಕಿನ ಗಿರಾಕಿ. ಕೊಪ್ಪಳದ ಶಾಸನಗಳಲ್ಲಿ ಆತ ತನ್ನ ಹೆಸರು ಬರೆಸಿಲ್ಲ, ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ. ಇವತ್ತು ಯಾವ ಲಾಡ್ಜಿನ ರಿಜಿಸ್ಟರಿನಲ್ಲೂ ಇದು ನಡೆಯುವುದಿಲ್ಲ. ಆತನ ಆಧಾರ್ ಕಾರ್ಡ್ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಆ ಬಂಡೆಯ ಮೇಲೆ ಬಿರುದಿನ ಜೊತೆಗೆ ‘ಅಶೋಕ’ ಎಂದೂ ಇತ್ತು. ಇನ್ನು ಇದೇ ಶಾಸನದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಅಂಕಿಯಿದೆ. ಅವು ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ. 256 ರಾತ್ರಿ! ತಿಂಡಿಯ ಲೆಕ್ಕ ಬೇರೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಪ್ರಯತ್ನದಿಂದ ಸ್ವರ್ಗ ಸಿಕ್ಕೀತು ಎಂಬುದು ಶಾಸನದ ಸಾರ. ಪಾಲ್ಕಿಗುಂಡು ಹತ್ತುವಾಗ ಅರ್ಧಕ್ಕೆ ಕೂತ ಅತಿಥಿಗಳಿಗೆ ಇದನ್ನು ಓದಿ ಹೇಳಬಹುದು. ಆದರೆ ಆಟೋದವನಿಗೆ ‘ಅಶೋಕನ ಶಾಸನ’ ಎನ್ನಬೇಡಿ. ‘ಗವಿಮಠಕ್ಕ ಹೋಗೂದೈತ್ರಿ’ ಎಂದರೆ ಸಾಕು.

ಕೊಪ್ಪಳದ ಕೋಟೆಯನ್ನು ಟಿಪ್ಪು ಸುಲ್ತಾನ 1786ರಲ್ಲಿ ಕೈವಶ ಮಾಡಿಕೊಂಡು ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790ರಲ್ಲಿ ಬ್ರಿಟಿಷರೂ ನಿಜಾಮರೂ ಕೂಡಿ ಮುತ್ತಿದರು, ಒಳಗೆ ಹೋಗಲು ತಿಂಗಳುಗಟ್ಟಲೆ ಹಿಡಿಯಿತು. ಆ ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಮ್ ತಾನು ಭಾರತದಲ್ಲಿ ಕಂಡ ಸ್ಥಳಗಳಲ್ಲೆಲ್ಲ ಇದೇ ಅತಿ ಬಲವಾದದ್ದೆಂದು ಹೊಗಳಿದ್ದಾನೆ. ಬಾಗಿಲಲ್ಲಿ ತಿಂಗಳುಗಟ್ಟಲೆ ಕಾಯಿಸಿದರೂ ಐದು ನಕ್ಷತ್ರ ಕೊಟ್ಟುಹೋದ ಗಿರಾಕಿ ಇವನೊಬ್ಬನೇ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ಎದುರು ಹೋರಾಡಿ ಮಡಿದದ್ದೂ ಈ ಕೋಟೆಯಲ್ಲೇ. ಇಲ್ಲಿ ನಮ್ಮ ಅಣಕು ಒಂದು ವಾಕ್ಯದ ಮಟ್ಟಿಗೆ ಟೋಪಿ ತೆಗೆದು ನಿಲ್ಲುತ್ತದೆ.

ಇಟಗಿಯ ಮಹಾದೇವ ದೇವಾಲಯ ಯಲಬುರ್ಗಾ ಸೀಮೆಯದು. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನ ಇದನ್ನು ‘ದೇವಾಲಯಗಳ ಚಕ್ರವರ್ತಿ’ ಎಂದಿದೆ. ಕರಪತ್ರ ಬರೆಯುವವರ ಉತ್ಪ್ರೇಕ್ಷೆ ಇಂದಿನದೆಂದು ತಿಳಿದವರು ಇದನ್ನು ಗಮನಿಸಬೇಕು. ವ್ಯತ್ಯಾಸವೆಂದರೆ ಅಂದಿನವರು ಮೊದಲು ಕಟ್ಟಿ ಆಮೇಲೆ ಬರೆಸುತ್ತಿದ್ದರು. ಅಲ್ಲಿನ ಬಾಗಿಲವಾಡಗಳ ಮುಂದೆ ನಿಂತ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ಗೆ ಬೆಳ್ಳಿ ಬಂಗಾರದ ಕೆತ್ತನೆಯೂ ಇದಕ್ಕಿಂತ ನಯವಾಗಿರಲಾರದು ಎನಿಸಿತಂತೆ. ದಾರಿಯಲ್ಲಿ ಕುಕನೂರಿನ ನವಲಿಂಗ ಗುಡಿಯೂ ಇದೆ. ಒಂಬತ್ತು ಲಿಂಗಕ್ಕೂ ಕೈಮುಗಿಯುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ.

ಗಂಗಾವತಿಯ ಹಾದಿಯಲ್ಲಿ ಹಿರೇಬೆಣಕಲ್ಲು. ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ, ಮುಂದೆ ದುಂಡಗೆ ಕಿಂಡಿ ಕೊರೆದ ಬೃಹತ್ ಶಿಲಾಯುಗದ ಜನರ ಸಮಾಧಿಗಳು, ಸುಮಾರು 400. ಊರಿನವರು ಮೋರೇರ ಮನೆಗಳೆನ್ನುತ್ತಾರೆ, ಅಲ್ಲಿದ್ದವರು ಕುಳ್ಳರು ಎಂದೂ ಹೇಳುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಂಡೆಯ ಮೇಲಿರುವ ಕಲ್ಲಿನ ನಗಾರಿಯನ್ನು ಬಡಿದರೆ ದೂರದವರೆಗೆ ಕೇಳಿಸುತ್ತದೆ. ಜಿಲ್ಲೆಯ ಅತ್ಯಂತ ಹಳೆಯ ಕಾಟೇಜುಗಳು ಇವೇ ಎನ್ನಬಹುದು. ಇಲ್ಲಿ ತಂಗಿದವರು ಯಾರೂ ಖಾಲಿ ಮಾಡಿ ಹೋದ ದಾಖಲೆಯಿಲ್ಲ.

ಕೊನೆಗೆ ಒಂದು ಪ್ರಮಾಣವಿಚಾರ. ‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಎಂಬುದು ಈ ಸೀಮೆಯ ಆಪ್ತವಾಕ್ಯ. ಕೊಪ್ಪಳಕ್ಕೆ ಯಾವ ಅಂಗವನ್ನೂ ಹಂಚಿಲ್ಲವೆಂಬ ಆಕ್ಷೇಪ ಬಹುಕಾಲದಿಂದ ಬಾಕಿ ಇದೆ. ಜನವರಿಯಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಗಳಿಂದ ರಾಶಿ ರಾಶಿ ರೊಟ್ಟಿ ಬರುವುದನ್ನೂ, ದಾಸೋಹದಲ್ಲಿ ಮಿರ್ಚಿ ಭಜಿ ಬೇಯುವುದನ್ನೂ ಕಂಡವರು ‘ಹೊಟ್ಟೆಯಿದ್ದವರು ಕೊಪ್ಪಳ ನೋಡಬೇಕು’ ಎಂಬ ಮೂರನೆಯ ಪಾದವನ್ನು ಒಪ್ಪಿಯಾರು. ಪ್ರಬಂಧದ ಮುಖ್ಯ ಸಂಶೋಧನೆ ಇದೇ.

ಇಷ್ಟನ್ನೂ ನಮ್ಮ ಕಲ್ಪಿತ ಹೋಟೆಲಿನ ಕಲ್ಪಿತ ಮಾಲೀಕರ ಮುಂದೆ ಓದಲಾಯಿತು. ಅವರು ಕಣ್ಣು ಮುಚ್ಚಿ, ತಲೆದೂಗಿ, ಪೂರ್ತಿ ಕೇಳಿದರು. ಆಮೇಲೆ ಹೇಳಿದರು: ‘ಭಾಳ ಚಲೋ ಬರದೀರಿ ಸರ. ಎಲ್ಲಾ ಹಾಕೂಣು, ಒಳಗ ಸಣ್ಣ ಅಕ್ಷರದಾಗ. ಮುಖಪುಟಕ್ಕ ಹಂಪಿ ಕಲ್ಲಿನ ತೇರಿನ ಫೋಟೊ ಆಗಲೇ ಕಳಿಸೇನ್ರಿ.’