ಟಿಮಕ್ಸ್ ಸಿದ್ಧಾಂತ ಚಂದ್ರಿಕೆ

ಯಾವ ಶಾಸ್ತ್ರವನ್ನು ಆರಂಭಿಸುವಾಗಲೂ ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧವೇನು, ಪ್ರಯೋಜನವೇನು ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ ಟಿಮಕ್ಸ್, ಅಂದರೆ ಒಂದೇ ಟರ್ಮಿನಲ್ಲಿನೊಳಗೆ ಹಲವು ಕಮಾಂಡ್‌ಲೈನ್ ಸೆಷನ್‌ಗಳನ್ನು ಸಾಕುವ ತಂತ್ರಾಂಶ. ದೂರದ ಸರ್ವರಿನಲ್ಲಿ ರಾತ್ರಿಯಿಡೀ ಓಡಬೇಕಾದ ಕೆಲಸಕ್ಕೆ ಚಾಲನೆ ಕೊಟ್ಟು, ಅದು ಶೇಕಡಾ ತೊಂಬತ್ತು ದಾಟಿದ ಮೇಲೆ ಮನೆಯ ಕರೆಂಟು ಹೋಗಿ, ಬೆಳಿಗ್ಗೆ ಮತ್ತೆ ಸೊನ್ನೆಯಿಂದ ಹಿಡಿದವನೇ ಅಧಿಕಾರಿ. ಅವನಲ್ಲಿ ಆಗಲೇ ವೈರಾಗ್ಯ ಅಂಕುರಿಸಿರುತ್ತದೆ. ಅದಿಲ್ಲದವನಿಗೆ ಈ ಶಾಸ್ತ್ರ ಹತ್ತುವುದಿಲ್ಲ. ಪ್ರಯೋಜನ, ಓಡುತ್ತಿರುವ ಕೆಲಸ ಸಾಯದಿರುವುದು. ಸಂಬಂಧವೆಂದರೆ ನಮ್ಮ ಯಂತ್ರವನ್ನು ಆ ದೂರದ ಸರ್ವರಿಗೆ ಕಟ್ಟುವ ಎಸ್‌ಎಸ್‌ಎಚ್. ಕಡಿದುಹೋಗುವುದೇ ಅದರ ಸ್ವಭಾವ.

ಇನ್ನು ಲಕ್ಷಣ ಪರೀಕ್ಷೆ. ‘ಒಂದು ಪರದೆಯಲ್ಲಿ ಹಲವು ಕಿಟಕಿಗಳಿರುವುದು ಟಿಮಕ್ಸ್’ ಎಂದರೆ ಅತಿವ್ಯಾಪ್ತಿ ದೋಷ. ಅಷ್ಟನ್ನು ಬ್ರೌಸರಿನ ಟ್ಯಾಬುಗಳೂ ಮಾಡುತ್ತವೆ. ‘ಪರದೆಯನ್ನು ಉದ್ದಕ್ಕೂ ಅಡ್ಡಕ್ಕೂ ಸೀಳುವುದು’ ಎಂದರೂ ಅದೇ ದೋಷ. ವಿಮ್ ಎಡಿಟರೂ ಸೀಳುತ್ತದೆ. ನೂತನ ಶಿಷ್ಯರು ಈ ಸೀಳಿಗೇ ಮರುಳಾಗಿ, ಕಂಟ್ರೋಲ್-ಬಿ ಒತ್ತಿ ಶೇಕಡಾ ಚಿಹ್ನೆ, ಮತ್ತೆ ಕಂಟ್ರೋಲ್-ಬಿ ಒತ್ತಿ ಜೋಡಿ ಉದ್ಧರಣ ಚಿಹ್ನೆ ಎಂದು ಜಪಿಸುತ್ತಾ ಪರದೆಯನ್ನು ಚೂರುಚೂರು ಮಾಡಿ, ಒಂದರಲ್ಲಿ ಲಾಗು, ಇನ್ನೊಂದರಲ್ಲಿ ಪ್ರೊಸೆಸ್‌ಗಳ ಪಟ್ಟಿ, ಮತ್ತೊಂದರಲ್ಲಿ ಗಡಿಯಾರ ಇಟ್ಟುಕೊಂಡು, ಹಿಂದಿನಿಂದ ಯಾರಾದರೂ ನೋಡಿಯಾರೇ ಎಂದು ಕಾಯುತ್ತಾರೆ. (ಗಡಿಯಾರಕ್ಕೆ ಕಂಟ್ರೋಲ್-ಬಿ, ಆಮೇಲೆ ಟಿ. ಈ ದರ್ಶನದಲ್ಲಿ ಹೇಳಿದಷ್ಟನ್ನು ಹೇಳಿದಂತೆ ಮಾಡಿ ಸುಮ್ಮನಿರುವ ಅಂಗ ಇದೊಂದೇ.) ಆದರೆ ಸೀಳು ಬರೀ ಉಪಲಕ್ಷಣ. ನಿಜವಾದ ಲಕ್ಷಣ ಇದು: ನೋಡುವವನು ಎದ್ದುಹೋದ ಮೇಲೂ ದೃಶ್ಯ ನಡೆಯುತ್ತಿರುವುದು.

ಇದರ ಮಹತ್ವ ತಿಳಿಯಬೇಕಾದರೆ ಮೊದಲು ಮರಣದ ಸ್ವರೂಪ ತಿಳಿಯಬೇಕು. ಯುನಿಕ್ಸ್ ಲೋಕದಲ್ಲಿ ಟರ್ಮಿನಲ್ ಮುಚ್ಚಿದರೆ ಅದನ್ನು ನಂಬಿಕೊಂಡ ಪ್ರೊಸೆಸ್‌ಗಳಿಗೆ ಸಿಗ್‌ಹಪ್ ಎಂಬ ಸಂಕೇತ ಹೋಗುತ್ತದೆ. ಯಮದೂತರ ಪಟ್ಟಿಯಲ್ಲಿ ಇದರ ಕ್ರಮಾಂಕ 1. ಟೆಲಿಫೋನ್ ತಂತಿಯ ಮೂಲಕ ಮೋಡೆಮ್ ಹಚ್ಚಿ ಕಂಪ್ಯೂಟರಿಗೆ ಹೊಗುತ್ತಿದ್ದ ಕಾಲದಲ್ಲಿ, ಆ ಕಡೆಯವರು ಫೋನ್ ಇಟ್ಟರೆಂದು ಈ ಕಡೆಗೆ ತಿಳಿಸಲು ಹುಟ್ಟಿದ್ದು. ಫೋನ್ ಇಟ್ಟದ್ದಕ್ಕೆ ಸಾಯುವುದೇಕೆ ಎಂದು ಕೇಳಬಾರದು. ಬೇರೆ ಏರ್ಪಾಡಿಲ್ಲದ ಪ್ರೊಸೆಸ್ ಈ ಸಂಕೇತ ಬಂದರೆ ಸಾಯಬೇಕು, ಅಷ್ಟೇ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ‘ನೋಹಪ್ ಎಂಬ ಕವಚ ಇದೆಯಲ್ಲ, ಅದನ್ನು ತೊಟ್ಟವನಿಗೆ ಸಿಗ್‌ಹಪ್ ತಗಲದು. ಮತ್ತೇಕೆ ಟಿಮಕ್ಸ್?’ ಉತ್ತರ: ನೋಹಪ್ ತೊಟ್ಟವನು ಬದುಕುತ್ತಾನೆ, ಆದರೆ ಮಾತಿಗೆ ಸಿಗುವುದಿಲ್ಲ. ಅವನು ಆಡಿದ್ದೆಲ್ಲ ಒಂದು ಕಡತಕ್ಕೆ ಹೋಗಿ ಬೀಳುತ್ತದೆ. ನಡುವೆ ‘ಮುಂದುವರಿಯಲೇ?’ ಎಂದು ಕೇಳಿದರೆ ಹೌದೆನ್ನುವವರಿಲ್ಲ. ಅದು ಪ್ರೇತಾವಸ್ಥೆ. ಟಿಮಕ್ಸಿನಲ್ಲಾದರೋ ಸರ್ವರ್ ಎಂಬ ಅವ್ಯಕ್ತ ತತ್ವ ಹಿನ್ನೆಲೆಯಲ್ಲಿ ಕೂತು ಎಲ್ಲ ಸೆಷನ್‌ಗಳನ್ನೂ ತಾನೇ ಹೊತ್ತಿರುತ್ತದೆ. ನಾವು ಕಾಣುವುದು ಕ್ಲಯಂಟ್ ಮಾತ್ರ; ಸಾಕೆಟ್ ಒಂದರ ಮೂಲಕ ಸರ್ವರಿನೊಡನೆ ಮಾತಾಡುವ ಬರೀ ಕಣ್ಣು. ಸೆಷನ್ನಿನೊಳಗೆ ವಿಂಡೋ, ವಿಂಡೋದೊಳಗೆ ಪೇನ್. ಪೇನಿನೊಳಗೆ ಓಡುವ ಶೆಲ್ ತನಗೊಂದು ನಿಜವಾದ ಟರ್ಮಿನಲ್ ಇದೆಯೆಂದೇ ನಂಬಿರುತ್ತದೆ. ಆ ಭ್ರಮೆಯನ್ನು ಯಾರೂ ಬಿಡಿಸುವುದಿಲ್ಲ, ಬಿಡಿಸಿದರೆ ಕೆಲಸ ಕೆಡುತ್ತದೆ. ಎಸ್‌ಎಸ್‌ಎಚ್ ಕಡಿದಾಗ ಸಾಯುವುದು ಕಣ್ಣು. ಒಳಗಿನವರಿಗೆ ಸುದ್ದಿಯೂ ತಲುಪುವುದಿಲ್ಲ.

ಕಂಟ್ರೋಲ್-ಬಿ, ಆಮೇಲೆ ಡಿ. ಇದಕ್ಕೆ ಡಿಟ್ಯಾಚ್ ಎಂದು ಹೆಸರು. ಕಚೇರಿಯ ಯಂತ್ರದಲ್ಲಿ ಡಿಟ್ಯಾಚ್ ಆಗಿ, ಮನೆಗೆ ಬಂದು ಬೇರೊಂದು ಲ್ಯಾಪ್‌ಟಾಪಿನಿಂದ ಅದೇ ಸರ್ವರಿಗೆ ಹೋಗಿ ‘ಟಿಮಕ್ಸ್ ಅಟ್ಯಾಚ್’ ಎಂದರೆ, ಅರ್ಧ ಟೈಪು ಮಾಡಿ ಬಿಟ್ಟ ಕಮಾಂಡೂ ಅರ್ಧಕ್ಕೇ ನಿಂತು ಕಾಯುತ್ತಿರುತ್ತದೆ. ಪರಕಾಯ ಪ್ರವೇಶ ಇದೇ. ಶಂಕರರು ಅಮರುಕ ರಾಜನ ದೇಹ ಹೊಕ್ಕಾಗ ಅವರ ಸ್ವಂತ ದೇಹವನ್ನು ಶಿಷ್ಯರು ಗುಹೆಯಲ್ಲಿ ಕಾಯ್ದರೆಂದು ಕಥೆಯಿದೆ. ಇಲ್ಲಿ ಆ ಕೆಲಸ ಸರ್ವರಿನದು, ಶಿಷ್ಯರ ಊಟದ ಖರ್ಚಿಲ್ಲ.

ಈಗ ಮತಭೇದ. ಮೂಲ ಸಂಪ್ರದಾಯ ಸ್ಕ್ರೀನ್ ಎಂಬ ತಂತ್ರಾಂಶದ್ದು. 1987ರಲ್ಲಿ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಒಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ಅದನ್ನು ಪ್ರವರ್ತಿಸಿದರು. ಮುಂದೆ ಅದು ಗ್ನೂ ಪರಿವಾರ ಸೇರಿತು. ಪ್ರತಿ ಆಜ್ಞೆಗೂ ಮುಂಚೆ ಒತ್ತುವ ಆ ಪಂಥದ ಬೀಜಾಕ್ಷರ ಕಂಟ್ರೋಲ್-ಎ. ನಿಕೋಲಸ್ ಮ್ಯಾರಿಯಟ್ 2007ರಲ್ಲಿ ಹೊರತಂದ ಟಿಮಕ್ಸಿನದು ಕಂಟ್ರೋಲ್-ಬಿ. 2009ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನ 4.6 ಆವೃತ್ತಿ ಟಿಮಕ್ಸನ್ನು ತನ್ನ ಮೂಲ ವ್ಯವಸ್ಥೆಗೇ ಸೇರಿಸಿಕೊಂಡಿತು. ಎ-ಪಕ್ಷದವರ ವಾದ: ಎ ಎಡಗೈ ಕಿರುಬೆರಳಿನ ಕೆಳಗೇ ಇದೆ, ಬಿ ಮುಟ್ಟಲು ಬೆರಳು ಕುಂಟಬೇಕು. ಬಿ-ಪಕ್ಷದವರ ಖಂಡನೆ: ಬ್ಯಾಶ್ ಶೆಲ್ಲಿನಲ್ಲಿ ಸಾಲಿನ ಆರಂಭಕ್ಕೆ ಹಾರುವುದೇ ಕಂಟ್ರೋಲ್-ಎ, ಅದನ್ನು ಕಸಿದುಕೊಂಡ ಮೇಲೆ ಬೆರಳಿನ ಸುಖದ ಮಾತೇಕೆ? ಎ-ಪಕ್ಷದ ಪ್ರತಿಖಂಡನೆ: ಕಂಟ್ರೋಲ್-ಬಿಯೂ ಒಂದಕ್ಷರ ಹಿಂದೆ ಹೋಗುವ ಕೀಲಿಯೇ. ಅದಕ್ಕೆ ಬಾಣದ ಗುರುತಿನ ಕೀಲಿಯಿದೆ ಎಂದು ಬಿ-ಪಕ್ಷ. ಈ ನಡುವೆ ಟಿಮಕ್ಸ್ ದೀಕ್ಷೆ ಪಡೆದೂ ಗುಟ್ಟಾಗಿ ಕಂಟ್ರೋಲ್-ಎ ಜಪಿಸುವ ಉಭಯಭ್ರಷ್ಟರು ಬಹಳ.

ಎರಡು ಪಕ್ಷದವರೂ ಬಿ-ಕಾರದಲ್ಲಿ ಏನೋ ಗೂಢಾರ್ಥ ಇರಬೇಕೆಂದೇ ನಂಬಿದ್ದಾರೆ. ಟಿಮಕ್ಸಿನ ದಾಖಲೆಯಲ್ಲೇ ಹೇಳಿರುವ ಸಂಗತಿ ಇಷ್ಟು: ಅದರ ಮೊದಲ ಮಾದರಿಯನ್ನು ಬರೆದದ್ದು ಸ್ಕ್ರೀನಿನ ಒಳಗೆ ಕೂತು, ಎರಡರ ಕೀಲಿಗಳು ಡಿಕ್ಕಿ ಹೊಡೆಯದಿರಲೆಂದು ಬಿ ಆರಿಸಿದರು. ಬಾಡಿಗೆ ಮನೆಯಲ್ಲಿದ್ದುಕೊಂಡು ಸ್ವಂತ ಮನೆ ಕಟ್ಟಿಸುವವನು ಮಾಲೀಕನ ಕೀಲಿಗೆ ತೆರೆಯದ ಬೀಗ ತಂದ ಹಾಗೆ. ಅದರ ಮೇಲೆ ಎಷ್ಟು ಸಂಜೆಗಳ ವಾದ!

ಗಣಿತ ಬಲ್ಲವರಿಗೆ ಇನ್ನೊಂದು ಪ್ರಕರಣವಿದೆ. ಟಿಮಕ್ಸಿನೊಳಗೆ ಟಿಮಕ್ಸ್ ತೆರೆಯಹೋದರೆ, ಒಂದರೊಳಗೊಂದು ಇಡುವಾಗ ಜೋಪಾನ ಎಂದು ಅದೇ ಎಚ್ಚರಿಸಿ ತಡೆಯುತ್ತದೆ. ಆದರೆ ಒಳಗಿನಿಂದ ಎಸ್‌ಎಸ್‌ಎಚ್ ಮೂಲಕ ಬೇರೆ ಯಂತ್ರಕ್ಕೆ ಹೋಗಿ ಅಲ್ಲಿ ತೆರೆದರೆ ತಡೆಯುವವರಿಲ್ಲ. ಆಗ ಕಂಟ್ರೋಲ್-ಬಿ ಒಮ್ಮೆ ಒತ್ತಿದರೆ ಹೊರಗಿನದೇ ನುಂಗುತ್ತದೆ. ಒಳಗಿನದಕ್ಕೆ ಮುಟ್ಟಿಸಲು ಎರಡು ಸಲ ಒತ್ತಬೇಕು. ಮೂರನೆಯ ಆವರಣಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಎಂಟು, ಐದನೆಯದಕ್ಕೆ ಹದಿನಾರು. ಪಂಚಕೋಶಗಳನ್ನು ದಾಟಿ ಆನಂದಮಯಕ್ಕೆ ತಲುಪುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ನಿಖರವಾದ ಲೆಕ್ಕ ಯಾವ ಉಪನಿಷತ್ತಿನ ವ್ಯಾಖ್ಯಾನದಲ್ಲೂ ಪ್ರಬಂಧಕಾರನಿಗೆ ಸಿಕ್ಕಿಲ್ಲ. ಹದಿನಾರರಲ್ಲಿ ಒಂದು ತಪ್ಪಿದರೆ ಡಿ ಎಂಬ ಅಕ್ಷರ ತೀರಾ ಹೊರಗಿನ ಕೋಶದಲ್ಲೇ ಜಾರಿಯಾಗಿ ಸಾಧಕ ಹೊಸ್ತಿಲಲ್ಲೇ ಹೊರಬೀಳುತ್ತಾನೆ.

ಕನ್ನಡಿಗರಿಗೆ ಒಂದು ಅಪವಾದ ವಿಧಿ. ಟರ್ಮಿನಲ್ ಎಂಬುದು ಚೌಕಗಳ ಹಾಸು. ಅಕ್ಷರವೆಂದರೆ ಒಂದು ಚೌಕ, ಹೆಚ್ಚೆಂದರೆ ಎರಡು ಎಂದು ಎಣಿಸಿಕೊಂಡು ಟಿಮಕ್ಸ್ ಗಡಿಗೆರೆ ಎಳೆಯುತ್ತದೆ. ನಮ್ಮ ಒತ್ತಕ್ಷರ, ಕೊಂಬು, ದೀರ್ಘಗಳು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಎಷ್ಟೋ ಟರ್ಮಿನಲ್‌ಗಳಲ್ಲಿ ಕನ್ನಡದ ಸಾಲೊಂದು ಬಂದರೆ ಗೆರೆ ಸೊಟ್ಟಗಾಗಿ, ಎಡ ಪೇನಿನ ದೀರ್ಘ ಬಲ ಪೇನಿನ ಅಂಗಳಕ್ಕೆ ಕಾಲು ಚಾಚುತ್ತದೆ. ಆದ್ದರಿಂದ ಟಿಮಕ್ಸಿನ ಬಗ್ಗೆ ಕನ್ನಡದಲ್ಲಿ ಬರೆಯಬಹುದು. ಟಿಮಕ್ಸಿನಲ್ಲಿ ಕನ್ನಡ ಬರೆಯುವವರು ಗಡಿ ವಿವಾದಕ್ಕೆ ಸಿದ್ಧರಿರಬೇಕು.

ಮೋಕ್ಷಕ್ಕೂ ವಿಘ್ನ ಬಂದದ್ದುಂಟು. 2016ರ ಮೇ ತಿಂಗಳಲ್ಲಿ, ಲಿನಕ್ಸ್ ಯಂತ್ರಗಳ ಮೇಲ್ವಿಚಾರಕನಾದ ಸಿಸ್ಟಮ್‌ಡಿಯ 230ನೇ ಆವೃತ್ತಿ, ಬಳಕೆದಾರ ಲಾಗೌಟ್ ಆದೊಡನೆ ಅವನು ಬಿಟ್ಟುಹೋದ ಪ್ರೊಸೆಸ್‌ಗಳನ್ನೆಲ್ಲ ಕೊಲ್ಲುವುದನ್ನೇ ಪೂರ್ವನಿಯೋಜಿತ ಪದ್ಧತಿಯಾಗಿಸಿತು. ಕಸ ಗುಡಿಸುವ ಸದುದ್ದೇಶ ಅವರದು. ಟಿಮಕ್ಸ್, ಸ್ಕ್ರೀನ್ ಎರಡೂ ಆ ಕಸದಲ್ಲಿ ಸೇರಿದವು. ಎಂದೂ ಒಂದು ವೇದಿಕೆಗೆ ಬಾರದ ಎ-ಪಕ್ಷ, ಬಿ-ಪಕ್ಷಗಳು ಒಂದಾಗಿ ಕೂಗೆಬ್ಬಿಸಿದ್ದು ಆಗ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಆ ಪದ್ಧತಿಯನ್ನು ತನ್ನಲ್ಲಿ ಕೂಡಲೇ ತಿರುಗಿಸಿ ಹಳೆಯದನ್ನೇ ಉಳಿಸಿತು.

ಪ್ರಬಂಧಕಾರನ ಸ್ವಂತ ಸಿದ್ಧಾಂತ ಇನ್ನು ಬರುತ್ತದೆ. ಡಿಟ್ಯಾಚ್ ಎಂಬುದನ್ನು ವೈರಾಗ್ಯವೆಂದು ಹಿಂದಿನ ಭಾಷ್ಯಕಾರರೆಲ್ಲ ಕೊಂಡಾಡಿದ್ದಾರೆ. ಇದು ಒಪ್ಪತಕ್ಕದ್ದಲ್ಲ. ಯಾವ ಹಳೆಯ ಬಳಕೆದಾರನ ಸರ್ವರಿನಲ್ಲಾದರೂ ‘ಟಿಮಕ್ಸ್ ಎಲ್‌ಎಸ್’ ಎಂದು ಕೊಟ್ಟು ನೋಡಿ: ಸೊನ್ನೆ, ಒಂದು, ನಾಲ್ಕು, ‘ಟೆಸ್ಟ್’, ‘ಟೆಸ್ಟ್2’, ‘ಹೊಸದು’, ‘ನಿಜವಾಗಿ ಹೊಸದು’. ಒಂದರಲ್ಲಿ ಹೋದ ವರ್ಷ ಮುಗಿದ ಪ್ರಾಜೆಕ್ಟಿನ ಲಾಗು, ಇನ್ನೊಂದರಲ್ಲಿ ಉಳಿಸದೆ ಬಿಟ್ಟ ಕಡತ, ಮತ್ತೊಂದರಲ್ಲಿ ಪಾಸ್‌ವರ್ಡ್ ಕೇಳಿ ಕೇಳಿ ಸುಮ್ಮನಾದ ಸಾಲು. ಕೊಲ್ಲಲು ಕಂಟ್ರೋಲ್-ಬಿ, ಆಮೇಲೆ ಎಕ್ಸ್ ಒತ್ತಿದರೆ ‘ಕೊಲ್ಲಲೇ? ವೈ ಅಥವಾ ಎನ್’ ಎಂದು ಕೇಳುತ್ತದೆ. ಕೈ ಎನ್ ಕಡೆಗೇ ಹೋಗುತ್ತದೆ, ಬೇಕಾದೀತು ಎಂದು. ಸಂಸಾರಿಯಾದವನು ಯಂತ್ರ ಮುಚ್ಚುವಾಗಲಾದರೂ ಎಲ್ಲವನ್ನೂ ಬಿಡುತ್ತಿದ್ದ; ಈ ಸಂನ್ಯಾಸಿ ಏನನ್ನೂ ಬಿಡದೆ ಹೊರಟುಹೋಗುವ ಉಪಾಯ ಕಂಡುಕೊಂಡಿದ್ದಾನೆ. ಆದ್ದರಿಂದ ಡಿಟ್ಯಾಚ್ ಎಂಬುದು ಪರಮ ಮೋಹವೇ ಹೊರತು ವೈರಾಗ್ಯವಲ್ಲ. ನಿಜವಾದ ವೈರಾಗ್ಯ ‘ಟಿಮಕ್ಸ್ ಕಿಲ್-ಸರ್ವರ್’ ಎಂಬ ಕಮಾಂಡಿನಲ್ಲಿದೆ, ಅದನ್ನು ಮನಸ್ಸಿಟ್ಟು ಬರೆದವರನ್ನು ಪ್ರಬಂಧಕಾರ ಕಂಡಿಲ್ಲ.

ಪ್ರಳಯ ಪ್ರಕರಣವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಯಂತ್ರ ರೀಬೂಟ್ ಆದರೆ ಸೆಷನ್‌ಗಳೆಲ್ಲ ಹೋದವು. ವಿಂಡೋಗಳ ಜೋಡಣೆಯನ್ನು ಮತ್ತೆ ಕಟ್ಟಿಕೊಡುವ ಪ್ಲಗಿನ್‌ಗಳಿವೆ. ಒಳಗೆ ಓಡುತ್ತಿದ್ದ ಜೀವವನ್ನು ಅವೂ ತರಲಾರವು.

ಓದುಗರ ಗಮನಕ್ಕೆ: ಈ ಚಂದ್ರಿಕೆಯ ಉತ್ತರ ಖಂಡವೂ ವಿಷಯಸೂಚಿಯೂ ಒಂದು ಸರ್ವರಿನಲ್ಲಿ, ‘ನಿಜವಾಗಿ ಹೊಸದು’ ಎಂಬ ಸೆಷನ್ನಿನ ಮೂರನೆಯ ವಿಂಡೋದಲ್ಲಿ, ಇನ್ನೂ ಉಳಿಸದ ಸ್ಥಿತಿಯಲ್ಲಿವೆ. ಭಾನುವಾರ ಬೆಳಿಗ್ಗೆ ಆ ಯಂತ್ರವನ್ನು ರೀಬೂಟ್ ಮಾಡುವುದಾಗಿ ಅದನ್ನು ನೋಡಿಕೊಳ್ಳುವವರು ತಿಳಿಸಿದ್ದಾರೆ. ಜಿಜ್ಞಾಸುಗಳು ಶನಿವಾರ ರಾತ್ರಿಯೊಳಗೆ ಅಟ್ಯಾಚ್ ಆಗತಕ್ಕದ್ದು.