ಗಡ್ಡೆಗಟ್ಟಿದ ಎಣ್ಣೆಯ ಮುಂದೆ ಒಂದು ಉಪನ್ಯಾಸ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನಮ್ಮ ಮನೆಯಲ್ಲಿ ಗಟ್ಟಿಯಾಗುವವು ಮೂರು: ಕೊಬ್ಬರಿ ಎಣ್ಣೆ, ತುಪ್ಪ, ಹಾಸಿಗೆಯಲ್ಲಿ ನಾನು. ಮೊದಲೆರಡಕ್ಕೆ ಬಿಸಿನೀರು ಸಾಕು. ನನಗೆ ಕಾಫಿಯೇ ಆಗಬೇಕು.

ಕರಗಿದ ಮೇಲೆ ನಾನು ಸುಮ್ಮನಿರುವುದಿಲ್ಲ, ಮನೆಯವರ ಕಷ್ಟ ಅದೇ. ಬಿಎಸ್ಸಿಯಲ್ಲಿ ಕಲಿತ ರಸಾಯನಶಾಸ್ತ್ರಕ್ಕೆ ಬ್ಯಾಂಕಿನ ಲೆಡ್ಜರಿನಲ್ಲಿ ಕಾಲಮ್ಮಿಲ್ಲ. ಹಾಗಾಗಿ ಅಷ್ಟನ್ನೂ ಅಡುಗೆಮನೆಯಲ್ಲಿ ಜಮಾ ಮಾಡುತ್ತೇನೆ.

"ರೀ, ಎಣ್ಣೆ ಬರ್ತಾನೇ ಇಲ್ಲ, ಸ್ವಲ್ಪ ನೋಡಿ" ಎಂದು ಹೆಂಡತಿ ಬಾಟ್ಲಿ ಕೊಟ್ಟಳು. ಬಾಟ್ಲಿ ನೋಡಿ ಎಂದರೆ ನಾನು ಅದರೊಳಗಿನ ಅಣುಗಳನ್ನು ನೋಡುವ ಜಾತಿ. "ಕೊಬ್ಬರಿ ಎಣ್ಣೆ ಕರಗೋದು ಸುಮಾರು 24 ಡಿಗ್ರಿಗೆ. ಬೆಳಿಗ್ಗೆ ನಮ್ಮನೇಲಿ ಅಷ್ಟು ಶಾಖ ಎಲ್ಲಿದೆ? ಕರಗೋದು ಅಂದ್ರೆ ಅಣು ಒಡೆಯೋದಲ್ಲ ಕಣೇ, ಅಣು ಅಣುವಿನ ನಡುವಿನ ಹಿಡಿತ ಸಡಿಲ ಆಗೋದು. ಆ ಹಿಡಿತ..." ಎನ್ನುವಷ್ಟರಲ್ಲಿ ಬಾಟ್ಲಿ ನನ್ನ ಕೈ ಬಿಟ್ಟು ಬಿಸಿನೀರಿನ ಚೊಂಬು ಸೇರಿತ್ತು.

"ಮತ್ತೆ ಕಡಲೆಕಾಯಿ ಎಣ್ಣೆ ಯಾಕೆ ಗಟ್ಟಿಯಾಗಿಲ್ಲ?" ಮೊಬೈಲಿನಿಂದ ಕಣ್ಣೆತ್ತದೆ ಮಗಳು ಕೇಳಿದಳು. ಇಂಥ ಪ್ರಶ್ನೆಗೆ ನಾನು ವರ್ಷವಿಡೀ ಬಾಯಿಬಿಟ್ಟುಕೊಂಡು ಕಾದಿರುತ್ತೇನೆ. ಅವಳನ್ನು ಎಳೆದೊಯ್ದು ಬೀರು ತೆರೆದೆ. ಹೆಂಡತಿ ಮಡಿಸಿಟ್ಟ ಸೀರೆಗಳು ಒಂದಕ್ಕೊಂದು ಅಂಟಿ ಕೂತಿದ್ದವು. ಕೆಳಗಿನ ಅರೆಯಲ್ಲಿ ನಾನು ಮಡಿಸಿದ ಪಂಚೆಗಳು, ಪ್ರತಿಯೊಂದಕ್ಕೂ ನಟ್ಟನಡುವೆ ಗೂನು. ಬಾಗಿಲು ತೆರೆದದ್ದೇ ತಡ, ಜಾರಿ ನನ್ನ ಕಾಲ ಮೇಲೆ ಬಿದ್ದವು.

"ಸ್ಟಿಯರಿಕ್ ಆಮ್ಲ ಅಮ್ಮನ ಸೀರೆ, ಓಲಿಯಿಕ್ ಆಮ್ಲ ಅಪ್ಪನ ಪಂಚೆ" ಎಂದೆ. ಎರಡರಲ್ಲೂ 18 ಇಂಗಾಲದ ಪರಮಾಣುಗಳ ಸರಪಳಿ. ಮೊದಲನೆಯದು ನೆಟ್ಟಗಿದೆ, ಒತ್ತೊತ್ತಾಗಿ ಕೂತು ಉದ್ದಕ್ಕೂ ನೆರೆಯದನ್ನು ಸೆಳೆದುಕೊಳ್ಳುತ್ತದೆ. ಅದು ಕರಗಲು ಸುಮಾರು 69 ಡಿಗ್ರಿ ಬೇಕು. ಎರಡನೆಯದಕ್ಕೆ ನಡುವೆ ಒಂದು ದ್ವಿಬಂಧವಿದ್ದು ಸೊಂಟ ಬಾಗಿದೆ, 13-14 ಡಿಗ್ರಿಗೇ ಕರಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನೆಟ್ಟಗಿನ ಸರಪಳಿಗಳೇ ಹೆಚ್ಚು, ಕಡಲೆಕಾಯಿ ಎಣ್ಣೆಯಲ್ಲಿ ಬಾಗಿದವು. ಈ ಸೆಳೆತ ಎಲ್ಲಿಂದ ಹುಟ್ಟುತ್ತದೆಂದು 1930ರಲ್ಲಿ ವಿವರಿಸಿದವನು ಫ್ರಿಟ್ಸ್ ಲಂಡನ್. ಎಲೆಕ್ಟ್ರಾನುಗಳು ಓಲಾಡುವಾಗ ಅಣುವಿನ ಒಂದು ಬದಿ ಕ್ಷಣಕಾಲ ಋಣವಾಗಿ, ಇನ್ನೊಂದು ಬದಿ ಧನವಾಗಿ...

"ಅಪ್ಪಾ, ಮೊದ್ಲು ಪಂಚೆ ಎತ್ತಿಡಿ" ಎಂದು ಮಗಳು ಕಾಲೇಜಿಗೆ ಹೊರಟಳು.

ಉಳಿದ ಶ್ರೋತೃ ಅಮ್ಮ. ಮೊಣಕಾಲು ನೋವು, ಎದ್ದು ಓಡಲಾರಳು. ಅವಳಿಗೆ ನೀರಿನ ಕಥೆ ಹೇಳಿದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡಿನ ಅಣು ನೀರಿನದಕ್ಕಿಂತ ಭಾರ, ಆದರೂ ಅದು ಸೊನ್ನೆಗಿಂತ 85 ಡಿಗ್ರಿ ಕೆಳಗೇ ಕರಗಿಬಿಡುತ್ತದೆ. ನೀರು ಸೊನ್ನೆಯವರೆಗೂ ಮಂಜುಗಡ್ಡೆಯಾಗಿ ಕೂತಿರುವುದು ಹೈಡ್ರೋಜನ್ ಬಂಧದ ಬಲದಿಂದ. ಅಮ್ಮ ತಲೆದೂಗಿದಳು. ನಾನು ಉಬ್ಬಿಹೋಗಿ, ಹಿಡಿತ ಬಿಗಿಯಾದಷ್ಟೂ ಕರಗುವ ಬಿಂದು ಮೇಲೆ ಎಂದು ಸೂತ್ರವನ್ನೇ ಹೊರಡಿಸಿದೆ.

"ಹಾಗಾದ್ರೆ ಕರ್ಪೂರ ಏನೋ? ಚಿವುಟಿದ್ರೆ ಪುಡಿ, ಮುಚ್ಚಳ ತೆಗೆದ್ರೆ ಮಾಯ. ಅದಕ್ಕೆಲ್ಲಿದೆ ಹಿಡಿತ? ಬೇಗ ಕರಗ್ಬೇಕಲ್ಲ?"

ನನ್ನ ಬಾಯಿ ಕಟ್ಟಿತು. ಆ ರಾತ್ರಿ ಹಳೆಯ ಪುಸ್ತಕದ ದೂಳು ಕೊಡವಿದೆ. ಬೀರುವಿನ ನುಸಿಗುಳಿಗೆಯ ನ್ಯಾಫ್ತಲೀನ್ 80 ಡಿಗ್ರಿಗೇ ಕರಗುತ್ತದೆ, ಕರ್ಪೂರಕ್ಕೆ ಮಾತ್ರ 175 ದಾಟಬೇಕು. ಅದರದ್ದೇನೂ ಉಡದ ಹಿಡಿತವಲ್ಲ. ಅಣು ಬಹುಮಟ್ಟಿಗೆ ಗುಂಡಗಿರುವುದರಿಂದ ಗಟ್ಟಿಯಾಗಿರುವಾಗಲೇ ಕೂತಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಕರಗಿದರೆ ಹೊಸದಾಗಿ ಸಿಗುವ ಸ್ವಾತಂತ್ರ್ಯ ಅಲ್ಪ, ಆದ್ದರಿಂದ ಕರಗಲು ಆತುರವಿಲ್ಲ. ಮೇಲ್ಮೈಯ ಅಣುಗಳು ಮಾತ್ರ, ದ್ರವವಾಗುವ ಗೋಜಿಗೇ ಹೋಗದೆ, ಗಾಳಿಗೆ ಹಾರುತ್ತವೆ. ಹಿಡಿತದ ಜೊತೆಗೆ ಆಕಾರದ ಮಾತೂ ನಡೆಯುತ್ತದೆ ಎಂದಾಯಿತು.

ಬೆಳಿಗ್ಗೆ ಇದನ್ನು ವರದಿ ಮಾಡಲು ಹೋದರೆ ಅಮ್ಮ ಕರ್ಪೂರದ ಡಬ್ಬಿಗೆ ಮೆಣಸುಕಾಳು ಹಾಕುತ್ತಿದ್ದಳು, ಹಾರಿಹೋಗದಿರಲಿ ಎಂದು. ನಿಮ್ಮಲ್ಲೂ ಆ ಪದ್ಧತಿ ಇದ್ದರೆ ನನ್ನ ಮಾತು ಕೇಳಿ, ಮನೆಯಲ್ಲಂತೂ ಯಾರೂ ಕೇಳುವುದಿಲ್ಲ: ಡಬ್ಬಿಗೆ ಗಾಳಿಯಾಡದ ಮುಚ್ಚಳ ಹಾಕಿ, ಮೆಣಸು ಸಾರಿಗಿರಲಿ.