ಮಸುಕು ಮೀಮಾಂಸೆ: ಏರ್‌ಸಾಫ್ಟ್ ಕನ್ನಡಕದ ತಾತ್ವಿಕ ನೆಲೆಗಳು, ಒಂದು ತೌಲನಿಕ ಅನುಸಂಧಾನ

1. ಪ್ರಸ್ತಾವನೆ

ಕ್ರೀಡಾರಣರಂಗದಲ್ಲಿ ನೋಡುವವನಿಗೂ ನೋಡಲ್ಪಡುವ ಜಗತ್ತಿಗೂ ನಡುವೆ ಮಧ್ಯಸ್ಥಿಕೆ ವಹಿಸುವ ಪಾಲಿಕಾರ್ಬೊನೇಟ್ ಪಟಲವು ತನ್ನ ಪಾರದರ್ಶಕ ಅಸ್ಮಿತೆಯನ್ನು ಕಳೆದುಕೊಂಡು ಅಪಾರದರ್ಶಕತೆಯತ್ತ ಪಲ್ಲಟಗೊಳ್ಳುವ ಪ್ರಕ್ರಿಯೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಅಂದರೆ, ಆಡುವಾಗ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ, ಏನು ಮಾಡುವುದು? ಇಷ್ಟನ್ನು ಇಷ್ಟೇ ಮಾತಿನಲ್ಲಿ ಹೇಳಿದವರಿಗೆ ಯಾವ ವಿಚಾರ ಸಂಕಿರಣದಲ್ಲೂ ಟಿ.ಎ., ಡಿ.ಎ. ಸಿಗುವುದಿಲ್ಲವಾದ್ದರಿಂದ ಮೊದಲ ವಾಕ್ಯವನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

1.1 ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ಅಸಲಿ ಬಂದೂಕಿನ ತದ್ರೂಪದಿಂದ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸಿಕೊಂಡು ದೊಡ್ಡವರು ಕಾಡಿನಲ್ಲಿ ಓಡಾಡುವ ಆಟಕ್ಕೆ ಏರ್‌ಸಾಫ್ಟ್ ಎಂದು ಹೆಸರು. ಹುಟ್ಟೂರು ಜಪಾನ್. 1991ರಲ್ಲಿ ಟೋಕಿಯೊ ಮಾರುಯಿ ಕಂಪನಿ ಬ್ಯಾಟರಿಯಿಂದ ನಡೆಯುವ ಬಂದೂಕನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಆಟ ಲೋಕವೆಲ್ಲ ಹಬ್ಬಿತು. ಗುಂಡಿಗೆ ಬಣ್ಣವಿಲ್ಲ, ಗುರುತು ಉಳಿಯುವುದಿಲ್ಲ. ಪೆಟ್ಟು ತಿಂದವನೇ ‘ಹಿಟ್’ ಎಂದು ಕೂಗಿ, ಕೈಯೆತ್ತಿ ಹೊರನಡೆಯಬೇಕು. ಹರಿಶ್ಚಂದ್ರ ಪರಂಪರೆಯಲ್ಲಿ ನಡೆಯುವ ಯುದ್ಧ ಇದೊಂದೇ ಇರಬೇಕು.

ಕ್ಷೇತ್ರಕಾರ್ಯ ನಡೆದದ್ದು ಚಿಬಾ ಪ್ರಾಂತ್ಯದ ಕಾಡುಗಳಲ್ಲಿ. ಟೋಕಿಯೊದ ನಿಶಿ ಕಸಾಯ್‌ನಲ್ಲಿ ಬಾಡಿಗೆಗಿರುವ ನಮ್ಮಂಥ ಐಟಿ ಮಂದಿಯನ್ನು ಸಹೋದ್ಯೋಗಿಗಳು ವಾರಾಂತ್ಯದಲ್ಲಿ ಅಲ್ಲಿಗೆ ಎಳೆದೊಯ್ಯುತ್ತಾರೆ. ಕಾಲ ಜೂನ್, ಜುಲೈ. ಜಪಾನಿನವರು ತ್ಸುಯು ಎನ್ನುವ ಜಿಟಿಜಿಟಿ ಮಳೆಯ ತಿಂಗಳುಗಳು. ಮಂಜಿನ ಸಂಶೋಧಕನಿಗೆ ಇದಕ್ಕಿಂತ ಪುಣ್ಯಕಾಲ ಬೇರಿಲ್ಲ.

1.1.1 ಮಂಜಿನ ಜ್ಞಾನಮೀಮಾಂಸೆ

ಬೆಟ್ಟದ ಮೇಲೆ ಹೊಗೆ ಕಂಡು ನೈಯಾಯಿಕರು ಬೆಂಕಿಯನ್ನು ಊಹಿಸಿದರು. ಕನ್ನಡಕದೊಳಗೆ ಮಂಜು ಕಂಡ ಆಟಗಾರ ಊಹಿಸಬೇಕಾದದ್ದು ತನ್ನದೇ ಉಸಿರನ್ನು. ಬಾಯಿಂದ ಹೊರಡುವ ಗಾಳಿ ಸುಮಾರು 34 ಡಿಗ್ರಿ ಬೆಚ್ಚಗಿದ್ದು ನೀರಾವಿಯಿಂದ ತುಂಬಿರುತ್ತದೆ. ಅದಕ್ಕಿಂತ ತಣ್ಣಗಿನ ಲೆನ್ಸ್ ಎದುರಾದರೆ ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಗೆ ಆಗುವುದೇ ಅದಕ್ಕೂ ಆಗುತ್ತದೆ. ಕೂತ ಸಣ್ಣ ಹನಿಗಳು ಬೆಳಕನ್ನು ದಿಕ್ಕಾಪಾಲು ಮಾಡುತ್ತವೆ. ಎದುರಿನ ಪೊದೆಯಲ್ಲಿರುವುದು ಶತ್ರುವೋ ಸ್ವಪಕ್ಷದವನೋ ಎಂಬ ಭೇದ ಅಳಿಯುತ್ತದೆ.

1.1.1.1 ವರ್ಗೀಕರಣ

ಮಂಜು ನಾಲ್ಕು ವಿಧ: ಶ್ವಾಸಜ, ಸ್ವೇದಜ, ಋತುಜ, ಭಯಜ. ಶ್ವಾಸಜದಲ್ಲಿ ಮತ್ತೆ ಎರಡು: ಮುಕ್ತಮುಖ, ಬದ್ಧಮುಖ. ಹಲ್ಲು ಉಳಿಸಿಕೊಳ್ಳಲು ಬಾಯಿಗೆ ಮಾಸ್ಕ್ ಕಟ್ಟಿದವನದು ಬದ್ಧಮುಖ. ಅವನ ಉಸಿರಿಗೆ ಮೇಲಕ್ಕೇರದೆ ಬೇರೆ ದಾರಿಯಿಲ್ಲ. ಮಾಸ್ಕಿನ ಮೇಲಂಚನ್ನು ಗಾಗಲ್‌ನ ಒಳಗೆ ಸಿಕ್ಕಿಸಿದವನದು ಅತಿಬದ್ಧಮುಖ. ಸ್ವೇದಜವು ಹಣೆಯ ವಿಸ್ತಾರ, ಹೆಲ್ಮೆಟ್ಟಿನ ಭಾರ, ಓಟದ ವೇಗಗಳನ್ನು ಅನುಸರಿಸಿ ಆರು ಬಗೆ. ಒಂದೊಂದರಲ್ಲೂ ಉತ್ತಮ, ಮಧ್ಯಮ, ಅಧಮವೆಂದು ಮೂರು. ಋತುಜ... ಇರಲಿ. ಭಯಜವೂ ಇರಲಿ. ಈ ವರ್ಗೀಕರಣದಿಂದ ಇದುವರೆಗೆ ಯಾರ ಲೆನ್ಸೂ ತಿಳಿಯಾಗಿಲ್ಲ, ಉಪಶೀರ್ಷಿಕೆಗಳ ಸಂಖ್ಯೆ ಬರೆದು ಕೈ ಸೋತಿತು. ಇನ್ನು ಮುಂದೆ ಬರೀ ಪ್ಯಾರಾಗಳು.

ಪರಿಹಾರದ ವಿಷಯದಲ್ಲಿ ದರ್ಶನಗಳು ಭಿನ್ನ. ಒಂದೇ ಪದರದ ಲೆನ್ಸನ್ನು ನೆಚ್ಚಿದವರು ಅದ್ವೈತಿಗಳು. ಒಳಗೂ ಹೊರಗೂ ಒಂದೇ ವಸ್ತು, ಹೊರಗಿನ ತಂಪು ನೇರವಾಗಿ ಒಳಮೈಗೆ ಬರುತ್ತದೆ. ಆಮೇಲೆ ಜಗತ್ತೆಲ್ಲ ಮಾಯೆ. ಎರಡು ಪದರಗಳ ನಡುವೆ ಗಾಳಿಯನ್ನು ಮುಚ್ಚಿಟ್ಟ ಥರ್ಮಲ್ ಲೆನ್ಸಿನವರು ದ್ವೈತಿಗಳು. ನಡುವಿನ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ಒಳಪದರ ಮುಖದ ಬಿಸಿಗೆ ಹತ್ತಿರವೇ ಉಳಿಯುತ್ತದೆ. ಭೇದವೇ ಸತ್ಯವೆಂಬುದಕ್ಕೆ ತ್ಸುಯು ಮಳೆಯಲ್ಲಿ ಇದಕ್ಕಿಂತ ಪ್ರಮಾಣ ಬೇಕಿಲ್ಲ. ಆದರೆ ಅಂಚಿನ ಸೀಲ್ ಬಿಟ್ಟು ಪದರಗಳ ನಡುವೆಯೇ ತೇವ ಹೊಕ್ಕರೆ ಒರೆಸಲು ಬೆರಳೂ ಹೋಗದು, ಭಾಷ್ಯವೂ ಹೋಗದು. ಒಂದೇ ಪದರವಿದ್ದರೂ ಅದಕ್ಕೆ ವಿಶೇಷ ಲೇಪನವುಂಟು ಎನ್ನುವವರು ವಿಶಿಷ್ಟಾದ್ವೈತಿಗಳು. ಲೇಪನ ನೀರನ್ನು ತಡೆಯುವುದಿಲ್ಲ, ಹನಿಗಟ್ಟಲು ಬಿಡದೆ ತೆಳುವಾಗಿ ಹರಡುತ್ತದೆ, ಅದರ ಮೂಲಕ ನೋಟ ಹಾಯುತ್ತದೆ. ಒದ್ದೆಯಿರುವಾಗ ಅಂಗಿಯ ತುದಿಯಿಂದ ತಿಕ್ಕಿದರೆ ವಿಶೇಷವೆಲ್ಲ ಅಂಗಿಗೆ ಹತ್ತಿ ಬರುತ್ತದೆ. ಉಳಿಯುವುದು ಬರೀ ಅದ್ವೈತ.

ಕೊನೆಯವರು ಶೂನ್ಯವಾದಿಗಳು. ಲೆನ್ಸೇ ಇಲ್ಲ, ತಂತಿಬಲೆ ಮಾತ್ರ. ಇಲ್ಲದ ಲೆನ್ಸಿಗೆ ಮಂಜು ಹಿಡಿಯುವುದೆಲ್ಲಿಂದ? ತರ್ಕಕ್ಕೆ ಎದುರಿಲ್ಲ. ಆದರೆ ಕಳಪೆ ಗುಂಡು ಬಲೆಗೆ ಬಡಿದು ಒಡೆದಾಗ ಅದರ ಚೂರಿಗೆ ಶೂನ್ಯವಾದ ಗೊತ್ತಿಲ್ಲ. ಅದು ರಂಧ್ರದಿಂದ ನೇರ ಒಳಗೆ ಬರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ. 0.20 ಗ್ರಾಂ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ 1 ಜೂಲ್; ಜಪಾನಿನ ಕಾನೂನು ಅದಕ್ಕಿಂತ ತುಸು ಕೆಳಗೆ ಗೆರೆ ಎಳೆದಿದೆ. ಅಮೆರಿಕದ ಝಡ್ 87.1 ಮಾನದಂಡದಲ್ಲಿ ‘ಝಡ್ 87 ಪ್ಲಸ್’ ಗುರುತು ಬೇಕಾದ ಗಾಗಲ್‌ಗೆ 6.35 ಮಿ.ಮೀ. ಉಕ್ಕಿನ ಗುಂಡನ್ನು ಸೆಕೆಂಡಿಗೆ 76 ಮೀಟರ್ ವೇಗದಲ್ಲಿ ಹೊಡೆದು ನೋಡುತ್ತಾರೆ. ಅದು ಸುಮಾರು 3 ಜೂಲ್. ಪೆಟ್ಟಿನ ಮಟ್ಟಿಗೆ ಒಳ್ಳೆಯ ಪರೀಕ್ಷೆ. ಮಂಜಿನ ಮಟ್ಟಿಗೆ? ಯುರೋಪಿನ ಇಎನ್ 166ರಲ್ಲಿ ಮಂಜು ನಿರೋಧಕ್ಕೆ ‘ಎನ್’ ಎಂಬ ಗುರುತಿದೆ. ಬಿಸಿನೀರಿನ ಆವಿಗೆ ಒಡ್ಡಿದ ಲೆನ್ಸ್ ಕನಿಷ್ಠ 8 ಸೆಕೆಂಡು ಮಸುಕಾಗದಿದ್ದರೆ ಆ ಗುರುತು ಸಿಗುತ್ತದೆ.

ಎಂಟು ಸೆಕೆಂಡು! ಪರೀಕ್ಷೆ ಕಟುವಾದದ್ದು, ನಿಜ. ಆವಿಯ ಮೇಲಿನ 8 ಸೆಕೆಂಡು ಕಾಡಿನಲ್ಲಿ ಬಹಳ ಹೊತ್ತಿಗೆ ಸಮನಾಗಬಹುದು. ಆದರೆ ಪೊಟ್ಟಣದ ಮೇಲೆ ಅಚ್ಚಾಗುವುದು ‘ಸಂಪೂರ್ಣ ಮಂಜುಮುಕ್ತ’ ಎಂದು. ಅದನ್ನು ವಿಮರ್ಶಿಸಲು ಕೂರುವವನು ಡಬ್ಬಿ ಬಿಚ್ಚುವ ಸದ್ದನ್ನು ಕೇಳಿಸಿ, ‘ಟ್ಯಾಕ್ಟಿಕಲ್’ ಎಂಬ ಶಬ್ದವನ್ನು ಜಪಿಸಿ, ಎ.ಸಿ. ಕೋಣೆಯಲ್ಲಿ ಅರೆಕ್ಷಣ ಮುಖಕ್ಕಿಟ್ಟು ಐದು ನಕ್ಷತ್ರ ಕೊಡುತ್ತಾನೆ. ಅದನ್ನು ನಂಬಿ ಕೊಂಡ ಹುಡುಗ ಕಾಡಿನಲ್ಲಿ ಏನೂ ಕಾಣದೆ ಗಾಗಲ್ ಎತ್ತಿ ಒರೆಸುತ್ತಾನೆ. ಮೈದಾನದೊಳಗೆ ಏನೇ ಆದರೂ ಕನ್ನಡಕ ತೆಗೆಯಕೂಡದು, ಕೈಯೆತ್ತಿಕೊಂಡು ಸುರಕ್ಷಿತ ಜಾಗಕ್ಕೆ ಬನ್ನಿ ಎಂದು ಬೆಳಗ್ಗೆಯೇ ಹೇಳಿರುತ್ತಾರೆ. ಎತ್ತುತ್ತಾನೆ. ಕಣ್ಣು ಹೋಗುವುದು ಆಗಲೇ. ಮಂಜು ಯಾರ ಕಣ್ಣನ್ನೂ ಕುರುಡು ಮಾಡುವುದಿಲ್ಲ; ಮಂಜು ಹಿಡಿಯುವುದೇ ಇಲ್ಲ ಎಂದು ಮಾರಿದವನ ಸುಳ್ಳು ಮಾಡುತ್ತದೆ. ಇದನ್ನು ಯಾವ ಪರಿಭಾಷೆಯಲ್ಲಿ ಬರೆಯಬೇಕೋ ಪ್ರಬಂಧಕಾರನಿಗೆ ತಿಳಿಯದು, ಬರೆಯುವ ಮನಸ್ಸೂ ಇಲ್ಲ.

ಇನ್ನೊಂದು ಮಾತು. ಈ ಝಡ್ 87, ಈ ಇಎನ್ 166 ಯಾವುವೂ ನಮ್ಮ ಆಟಕ್ಕೆಂದು ಹುಟ್ಟಿದವಲ್ಲ. ದುಡಿಯುವವರ ಕಣ್ಣು ಉಳಿಸಲು ಹುಟ್ಟಿದವು. ನಾವು ಭಾನುವಾರದ ಮಟ್ಟಿಗೆ ಎರವಲು ತಂದಿದ್ದೇವೆ. ನಮ್ಮ ದೇಶದಲ್ಲೂ 1948ರ ಕಾರ್ಖಾನೆ ಕಾಯ್ದೆಯ 35ನೆಯ ಕಲಮು ಚೂರು ಸಿಡಿಯುವ ಕೆಲಸಕ್ಕೆ ಕನ್ನಡಕದ ಮಾತಾಡಿತು. ಐಎಸ್ 5983 ಎಂಬ ಮಾನಕವೂ ಬಂತು. ಊರಿಗೆ ಹೋದಾಗ ಗ್ರಿಲ್ ವರ್ಕ್ಸ್ ಮುಂದೆ ಒಂದು ಗಳಿಗೆ ನಿಂತು ನೋಡಿ. ಹುಡುಗ ರಸ್ತೆಬದಿಯ ಕೂಲಿಂಗ್ ಗ್ಲಾಸ್ ಹಾಕಿಕೊಂಡು ವೆಲ್ಡಿಂಗ್ ಮಾಡುತ್ತಿರುತ್ತಾನೆ. ಕಟಿಂಗ್ ಮಷಿನ್ ಹಿಡಿದಾಗ ಅದೂ ಇಲ್ಲ. ಒಂದು ಕಣ್ಣು ಕಿರಿದು ಮಾಡಿ ಮುಖ ಆಚೆ ತಿರುಗಿಸುವುದೇ ರಕ್ಷಣೆ. ಕಬ್ಬಿಣದ ಚೂರು ಹೊಕ್ಕರೆ ಪಕ್ಕದವನ ಕರವಸ್ತ್ರದ ತುದಿಯೇ ಆಸ್ಪತ್ರೆ. ಒಕ್ಕಣೆಯಲ್ಲಿ ಭತ್ತದ ಹೊಟ್ಟು ತಾಗಿ, ಕಾರ್ನಿಯಾಕ್ಕೆ ಬೂಷ್ಟಿನ ಸೋಂಕು ಹತ್ತಿ, ನಾಟಿ ಔಷಧಿಯಲ್ಲಿ ದಿನ ಕಳೆದು ಬರುವ ರೈತರು ನಮ್ಮ ಕಡೆಯ ಕಣ್ಣಿನ ಡಾಕ್ಟರಿಗೆ ಹೊಸಬರಲ್ಲ. ಇವರಿಗೆಲ್ಲ ಮಂಜು ಹಿಡಿಯುವ ಕನ್ನಡಕವಾದರೂ ಸಿಕ್ಕಿದ್ದರೆ! ಮಾರ್ಗದರ್ಶಕರು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಿಷಯಾಂತರ’ ಎಂದು ಬರೆಯಬಹುದು. ಬರೆಯಲಿ.

ವಿಷಯಕ್ಕೆ ಬಂದರೆ, ಕೊಳ್ಳುವವರು ಮೊದಲು ಪೆಟ್ಟಿನ ಗುರುತು ನೋಡಿ, ಆಮೇಲೆ ಎರಡು ಪದರ, ಆಮೇಲೆ ಗಾಳಿಯಾಡುವ ಕಿಂಡಿ. ಬಣ್ಣವನ್ನು ಅಂಗಡಿಯವನಿಗೇ ಬಿಡಿ. ಮೊದಲೇ ಚಷ್ಮಾ ಇರುವ ನನ್ನಂಥವರಿಗೆ ಮಂಜು ಎರಡು ಕಡೆ, ಒಳಗಿನದಕ್ಕೊಂದು ಹೊರಗಿನದಕ್ಕೊಂದು; ಗಾಗಲ್‌ನ ಒಳಗೇ ಪವರ್ ಲೆನ್ಸ್ ಕೂರಿಸುವ ಚೌಕಟ್ಟು ಸಿಗುತ್ತದೆ, ಸಾಲ ಮಾಡಿಯಾದರೂ ಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಬ್ಯಾಟರಿಯ ಪುಟ್ಟ ಫ್ಯಾನ್ ಇರುವ ಗಾಗಲ್ ಇದೆ, ಒಳಗಿನ ತೇವದ ಗಾಳಿಯನ್ನು ಹೊರಗೆ ದೂಡುತ್ತದೆ. ಹೊಂಚು ಹಾಕಿ ಕೂತಾಗ ಅದರ ಗುಂಯ್‌ಗುಡುವ ಸದ್ದು ಎದುರಾಳಿಗೂ ಕೇಳುತ್ತದೆ ಎನ್ನುವುದೊಂದೇ ದೋಷ. ನಾನಂತೂ ನಿಲ್ಲಿಸುವುದಿಲ್ಲ. ಹೆಚ್ಚೆಂದರೆ ‘ಹಿಟ್’ ಎಂದು ಕೈಯೆತ್ತಿ ಎಲ್ಲರಿಗಿಂತ ಮೊದಲು ಹೊರಬೀಳಬೇಕು, ಮಧ್ಯಾಹ್ನದ ಕರಿ ರೈಸಿನ ಸಾಲು ಆಗಿನ್ನೂ ಉದ್ದವಾಗಿರುವುದಿಲ್ಲ.